ಡಿಗ್ ಕಮಾಂಡ್: ಡೊಮೇನ್ ಬಗ್ಗೆ ಯಾವ ಸರ್ವರ್ ಏನು ಹೇಳುತ್ತಿದೆ ಅಂತ ನೀವೇ ನೋಡಿ

ವೆಬ್‌ಸೈಟನ್ನು ಹಳೇ ಸರ್ವರ್‌ನಿಂದ ಹೊಸದಕ್ಕೆ ಸಾಗಿಸಿ ಆಯ್ತು. ಫೋನಿನಲ್ಲಿ ಹೊಸ ಸೈಟ್ ಬರುತ್ತದೆ, ಲ್ಯಾಪ್‌ಟಾಪಿನಲ್ಲಿ ಮಾತ್ರ ಇನ್ನೂ ಹಳೆಯದೇ. ಯಾರನ್ನು ಕೇಳಿದರೂ ಒಂದೇ ಉತ್ತರ: ಡಿಎನ್‌ಎಸ್ ಹರಡಬೇಕು, 24ರಿಂದ 48 ಗಂಟೆ ಕಾಯಿರಿ. ಈ ಮಾತು ಕೇಳಿದರೆ ನನಗೆ ಸ್ವಲ್ಪ ಕಿರಿಕಿರಿ. ಡಿಎನ್‌ಎಸ್ ಅಂದರೆ ಡೊಮೇನ್ ಹೆಸರಿಗೆ ಸರ್ವರ್‌ನ ವಿಳಾಸ (ಐಪಿ) ಹೇಳುವ ವ್ಯವಸ್ಥೆ, ಅದರಲ್ಲಿ ಏನೂ ಎಲ್ಲಿಗೂ ಹರಡುವುದಿಲ್ಲ. ಬೇರೆ ಬೇರೆ ಕಡೆ ಇರುವ ಸರ್ವರ್‌ಗಳು ಹಿಂದೆ ಸಿಕ್ಕ ಉತ್ತರವನ್ನು ಇಂತಿಷ್ಟು ಹೊತ್ತು ಅಂತ ತಮ್ಮ ಹತ್ತಿರ ಇಟ್ಟುಕೊಂಡಿರುತ್ತವೆ, ಆ ಹೊತ್ತು ಮುಗಿದ ಮೇಲೆ ಯಾರಾದರೂ ಕೇಳಿದಾಗ ಹೋಗಿ ಹೊಸದನ್ನು ತರುತ್ತವೆ, ಅಷ್ಟೇ. ಯಾವ ಸರ್ವರ್ ಹತ್ತಿರ ಈಗ ಏನಿದೆ, ಅದು ಇನ್ನೆಷ್ಟು ಸೆಕೆಂಡ್ ಇರುತ್ತದೆ ಅಂತ ಕೂತಲ್ಲೇ ನೋಡಬಹುದು. ಅದಕ್ಕೆ ಡಿಗ್ ಅನ್ನೋ ಕಮಾಂಡ್ ಸಾಕು.

ಇದನ್ನು ಬಳಸುವಾಗ ಒಂದು ವಿಷಯ ತಲೆಯಲ್ಲಿರಲಿ. "ಈ ಡೊಮೇನಿನ ವಿಳಾಸ ಏನು" ಅಂತ ಕೇಳುತ್ತಿದ್ದೇವೆ ಅಂದುಕೊಂಡೇ ಎಲ್ಲರೂ ಡಿಗ್ ಬಳಸುತ್ತಾರೆ. ಆದರೆ ಬರುವ ಉತ್ತರ ಯಾವಾಗಲೂ ಒಂದು ನಿರ್ದಿಷ್ಟ ಸರ್ವರ್ ಆ ಕ್ಷಣದಲ್ಲಿ ಕೊಟ್ಟ ಉತ್ತರ. ಇನ್ನೊಂದು ಸರ್ವರ್ ಬೇರೆ ಹೇಳಬಹುದು, ಅದೇ ಸರ್ವರ್ ಹತ್ತು ನಿಮಿಷ ಬಿಟ್ಟು ಬೇರೆ ಹೇಳಬಹುದು. ಹಾಗಾಗಿ ಏನು ಉತ್ತರ ಬಂತು ಅನ್ನುವಷ್ಟೇ ಮುಖ್ಯ, ಯಾರು ಕೊಟ್ಟರು ಅನ್ನೋದು.

ಟೈಪ್ ಮಾಡುವ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಕೆಳಗಿನ ಕಮಾಂಡ್‌ಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಡಿಗ್ ಅಂದರೆ ಡಿ, ಐ, ಜಿ ಮೂರು ಅಕ್ಷರ. ಎಂಎಕ್ಸ್ ಅಂದರೆ ಎಂ, ಎಕ್ಸ್. ಚುಕ್ಕಿ, ಅಡ್ಡಗೆರೆ, ಪ್ಲಸ್, @ ಇವೆಲ್ಲ ಇದ್ದ ಹಾಗೇ. ಪ್ಲಸ್ ಆಗಲಿ @ ಆಗಲಿ, ಅದರ ಪಕ್ಕದ ಪದದ ನಡುವೆ ಜಾಗ ಬಿಡಬಾರದು. ಎಕ್ಸಾಂಪಲ್.ಕಾಮ್ ಅನ್ನುವುದು ಇಂಥ ಉದಾಹರಣೆಗಳಿಗೆ ಅಂತಲೇ 1999ರಿಂದ ಮೀಸಲಾಗಿರುವ ಹೆಸರು, ಅದರ ಜಾಗದಲ್ಲಿ ನಿಮ್ಮ ಡೊಮೇನ್ ಹಾಕಿಕೊಳ್ಳಿ.

ಇನ್‌ಸ್ಟಾಲ್ ಮಾಡಿಕೊಳ್ಳೋದು

ಮ್ಯಾಕ್‌ನಲ್ಲಿ ಟರ್ಮಿನಲ್ ತೆರೆದರೆ ಸಾಮಾನ್ಯವಾಗಿ ಡಿಗ್ ಇದ್ದೇ ಇರುತ್ತದೆ. ಡೆಬಿಯನ್, ಉಬುಂಟುಗಳಲ್ಲಿ ಇಲ್ಲದಿದ್ದರೆ ಆಪ್ಟ್‌ನಿಂದ ಬೈಂಡ್9-ಡಿಎನ್‌ಎಸ್‌ಯುಟಿಲ್ಸ್ ಅನ್ನೋ ಪ್ಯಾಕೇಜ್ ಹಾಕಿಕೊಳ್ಳಿ. ಹಳೇ ಆವೃತ್ತಿಗಳಲ್ಲಿ ಇದರ ಹೆಸರು ಬರೀ ಡಿಎನ್‌ಎಸ್‌ಯುಟಿಲ್ಸ್. ಫೆಡೋರಾ ಮತ್ತು ರೆಡ್‌ಹ್ಯಾಟ್ ಕಡೆಯವರಿಗೆ ಬೈಂಡ್-ಯುಟಿಲ್ಸ್. ಹೆಸರಿನಲ್ಲಿ ಬೈಂಡ್ ಇರೋದಕ್ಕೆ ಕಾರಣ, ಬೈಂಡ್ ಅನ್ನೋ ಡಿಎನ್‌ಎಸ್ ಸರ್ವರ್ ಸಾಫ್ಟ್‌ವೇರ್ ಜೊತೆಗೇ ಡಿಗ್ ಬರುತ್ತದೆ. ಅದನ್ನು ನೋಡಿಕೊಳ್ಳುವುದು ಇಂಟರ್ನೆಟ್ ಸಿಸ್ಟಮ್ಸ್ ಕನ್ಸಾರ್ಟಿಯಂ.

ವಿಂಡೋಸ್‌ನಲ್ಲಿ ಡಿಗ್ ಇರುವುದಿಲ್ಲ. ಎನ್‌ಎಸ್‌ಲುಕಪ್ ಇರುತ್ತದೆ, ಪವರ್‌ಶೆಲ್‌ನಲ್ಲಿ ರಿಸಾಲ್ವ್-ಡಿಎನ್‌ಎಸ್‌ನೇಮ್ ಇರುತ್ತದೆ. ಚಿಕ್ಕಪುಟ್ಟ ಕೆಲಸಕ್ಕೆ ಅವೂ ಆಗುತ್ತವೆ. ಆದರೆ ಕೆಳಗಿನದನ್ನೆಲ್ಲ ಮಾಡಿ ನೋಡಬೇಕು ಅಂದರೆ ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ ಹಾಕಿಕೊಂಡು ಅದರಲ್ಲಿ ಡಿಗ್ ಬಳಸುವುದೇ ಸಲೀಸು.

ಇದೆಯೋ ಇಲ್ಲವೋ ನೋಡೋಕೆ:

ಡಿಗ್ -ವಿ

ಆವೃತ್ತಿಯ ಸಂಖ್ಯೆ ಬಂದರೆ ಮುಂದಕ್ಕೆ ಹೋಗಬಹುದು.

ಮೊದಲ ಪ್ರಶ್ನೆ, ಮತ್ತು ಬರುವ ಆ ಉದ್ದದ ಉತ್ತರ

ಡಿಗ್ ಎಕ್ಸಾಂಪಲ್.ಕಾಮ್

ಎಂಟರ್ ಒತ್ತಿದ ತಕ್ಷಣ ಇಪ್ಪತ್ತು ಸಾಲಿನಷ್ಟು ಏನೇನೋ ಬಂದು ಬೀಳುತ್ತದೆ. ಹೊಸಬರು ಇದನ್ನು ನೋಡಿಯೇ ಹಿಂದೆ ಸರಿಯುತ್ತಾರೆ. ಅದರಲ್ಲಿ ನೋಡಬೇಕಾದ್ದು ನಾಲ್ಕೈದು ಸಾಲು ಮಾತ್ರ. ಅವನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ. ಐಪಿ ಜಾಗದಲ್ಲಿ ಇರುವುದು ನಿಜವಾದ ವಿಳಾಸ ಅಲ್ಲ, ಬರಹಗಳಲ್ಲಿ ತೋರಿಸೋಕೆ ಅಂತ ಮೀಸಲಿಟ್ಟ ಸಂಖ್ಯೆ.

ಸ್ಟೇಟಸ್: ನೋಎರರ್
ಫ್ಲ್ಯಾಗ್ಸ್: ಕ್ಯೂಆರ್ ಆರ್‌ಡಿ ಆರ್‌ಎ
ಎಕ್ಸಾಂಪಲ್.ಕಾಮ್.   217   ಐಎನ್   ಎ   192.0.2.10
ಕ್ವೆರಿ ಟೈಮ್: 14 ಮಿಲಿಸೆಕೆಂಡ್
ಸರ್ವರ್: 192.168.1.1#53

ಕೆಳಗಿನಿಂದ ಮೇಲಕ್ಕೆ ಓದುವುದು ಒಳ್ಳೆಯದು. ಎಲ್ಲಕ್ಕಿಂತ ಮೊದಲು ಸರ್ವರ್ ಅನ್ನೋ ಸಾಲು. ಉತ್ತರ ಕೊಟ್ಟಿದ್ದು ಯಾರು ಅಂತ ಇಲ್ಲಿರುತ್ತದೆ. ಮೇಲಿನ ಉದಾಹರಣೆಯಲ್ಲಿ 192.168 ಅಂತ ಶುರುವಾಗುವ ವಿಳಾಸ ಇದೆ, ಅಂದರೆ ನಿಮ್ಮದೇ ರೌಟರ್ ಉತ್ತರ ಕೊಟ್ಟಿದೆ. 53 ಅನ್ನುವುದು ಡಿಎನ್‌ಎಸ್ ಬಳಸುವ ಪೋರ್ಟ್. ಲಿನಕ್ಸ್‌ನಲ್ಲಿ ಇಲ್ಲಿ 127.0.0.53 ಅಂತ ಬಂದರೆ ನಿಮ್ಮ ಯಂತ್ರದೊಳಗೇ ಕೂತಿರುವ ಸಿಸ್ಟಮ್‌ಡಿ-ರಿಸಾಲ್ವ್ಡ್ ಅನ್ನೋ ಸೇವೆ ಮಧ್ಯೆ ನಿಂತು ಉತ್ತರ ಕೊಡುತ್ತಿದೆ ಅಂತ ಅರ್ಥ. ಅದು ಯಾರನ್ನು ಕೇಳಿ ತಿಳಿದುಕೊಂಡಿತು ಅಂತ ಈ ಸಾಲಿನಿಂದ ಗೊತ್ತಾಗುವುದಿಲ್ಲ.

ಮಧ್ಯದ ಸಾಲು ನಿಜವಾದ ಉತ್ತರ. ಹೆಸರಿನ ಕೊನೆಗೆ ಒಂದು ಚುಕ್ಕಿ ಇದೆಯಲ್ಲ, ಅದು ತಪ್ಪಿ ಬಿದ್ದದ್ದಲ್ಲ. ಎಲ್ಲ ಡೊಮೇನ್‌ಗಳ ತಲೆಯ ಮೇಲೆ ಇರುವ ರೂಟ್‌ನ ಗುರುತು ಅದು. ಐಎನ್ ಅಂದರೆ ಇಂಟರ್ನೆಟ್, ಅದನ್ನು ಮರೆತುಬಿಡಿ. ಎ ಅಂದರೆ ಐಪಿವಿ4 ವಿಳಾಸದ ರೆಕಾರ್ಡ್.

ಉಳಿದದ್ದು 217. ಇದರ ಹೆಸರು ಟಿಟಿಎಲ್. ಈ ಉತ್ತರವನ್ನು ಆ ಸರ್ವರ್ ಇನ್ನು 217 ಸೆಕೆಂಡ್ ಇಟ್ಟುಕೊಂಡಿರುತ್ತದೆ. ಅದೇ ಕಮಾಂಡನ್ನು ಹತ್ತು ಸೆಕೆಂಡ್ ಬಿಟ್ಟು ಇನ್ನೊಮ್ಮೆ ಓಡಿಸಿ, 207 ಆಗಿರುತ್ತದೆ. ಸೊನ್ನೆಗೆ ಬಂದ ಮೇಲೆ ಕೇಳಿದರೆ ಸರ್ವರ್ ಮತ್ತೆ ಮೂಲಕ್ಕೆ ಹೋಗಿ ಕೇಳಿಕೊಂಡು ಬರುತ್ತದೆ, ಸಂಖ್ಯೆ ಮತ್ತೆ 300ಕ್ಕೋ 3600ಕ್ಕೋ ಏರುತ್ತದೆ. ಸಂಖ್ಯೆ ಇಳಿಯುತ್ತಿದೆ ಅಂದರೆ ಸಿಗುತ್ತಿರುವುದು ಕ್ಯಾಶ್‌ನಲ್ಲಿದ್ದ, ಅಂದರೆ ಹಿಂದೆ ಕೇಳಿ ಇಟ್ಟುಕೊಂಡಿದ್ದ ಉತ್ತರ. ಎಷ್ಟು ಸಲ ಕೇಳಿದರೂ ಅದೇ ಸಂಖ್ಯೆ ಬರುತ್ತಿದ್ದರೆ ಬಹುಶಃ ಮೂಲ ಸರ್ವರೇ ಮಾತಾಡುತ್ತಿದೆ. ದೊಡ್ಡ ಸಾರ್ವಜನಿಕ ರಿಸಾಲ್ವರ್‌ಗಳನ್ನು (ನಮ್ಮ ಪರವಾಗಿ ಉತ್ತರ ಹುಡುಕಿ ತರುವ ಸರ್ವರ್‌ಗಳು) ಕೇಳಿದಾಗ ಮಾತ್ರ ಈ ಸಂಖ್ಯೆ ಒಮ್ಮೆ 40, ಆಮೇಲೆ 280, ಆಮೇಲೆ 35 ಅಂತ ಕುಣಿಯಬಹುದು. ಒಂದೇ ವಿಳಾಸದ ಹಿಂದೆ ಎಷ್ಟೋ ಯಂತ್ರಗಳಿರುತ್ತವೆ, ಎಲ್ಲದರ ಕ್ಯಾಶ್ ಒಂದೇ ಆಗಿರಬೇಕು ಅಂತೇನಿಲ್ಲ.

ಫ್ಲ್ಯಾಗ್ಸ್‌ನಲ್ಲಿ ಸದ್ಯಕ್ಕೆ ಒಂದೇ ಒಂದು ನೆನಪಿಡಿ: ಎಎ. ಅದು ಇದ್ದರೆ ಉತ್ತರ ಕೊಟ್ಟದ್ದು ಆ ಡೊಮೇನಿನ ಅಧಿಕೃತ ಸರ್ವರ್, ಅಂದರೆ ಅದರ ರೆಕಾರ್ಡ್‌ಗಳನ್ನು ಮೂಲದಲ್ಲಿ ಇಟ್ಟುಕೊಂಡಿರುವುದು. ಇಲ್ಲದಿದ್ದರೆ ಬೇರೆ ಯಾರೋ ಕೇಳಿಕೊಂಡು ಬಂದು ಹೇಳಿದ್ದು. ಮೇಲಿನ ಉತ್ತರದಲ್ಲಿ ಎಎ ಇಲ್ಲ ನೋಡಿ.

ಗದ್ದಲ ಬೇಡ ಅಂದರೆ

ಡಿಗ್ ಎಕ್ಸಾಂಪಲ್.ಕಾಮ್ +ಶಾರ್ಟ್

ಬರೀ ಉತ್ತರ ಬರುತ್ತದೆ, ಇನ್ನೇನೂ ಇಲ್ಲ. ಎಲ್ಲ ಕಡೆ ಇದನ್ನೇ ಹೇಳಿಕೊಡುತ್ತಾರೆ. ನನಗೆ ಇದಕ್ಕಿಂತ ಇದು ಇಷ್ಟ:

ಡಿಗ್ ಎಕ್ಸಾಂಪಲ್.ಕಾಮ್ +ನೋಆಲ್ +ಆನ್ಸರ್

+ನೋಆಲ್ ಎಲ್ಲವನ್ನೂ ಮರೆಮಾಡುತ್ತದೆ, +ಆನ್ಸರ್ ಉತ್ತರದ ಭಾಗವನ್ನು ಮಾತ್ರ ವಾಪಸ್ ತರುತ್ತದೆ. ಟಿಟಿಎಲ್, ರೆಕಾರ್ಡಿನ ಬಗೆ ಎರಡೂ ಕಾಣುತ್ತವೆ. +ಶಾರ್ಟ್‌ನ ತೊಂದರೆ ಏನೆಂದರೆ ಏನೂ ಬರದೇ ಹೋದಾಗ ಯಾಕೆ ಬರಲಿಲ್ಲ ಅಂತಲೂ ಗೊತ್ತಾಗುವುದಿಲ್ಲ. ಹೆಸರೇ ಇಲ್ಲವೋ, ಹೆಸರಿದ್ದು ಆ ರೆಕಾರ್ಡ್ ಇಲ್ಲವೋ, ಸರ್ವರ್ ಕೆಟ್ಟಿದೆಯೋ, ಮೂರಕ್ಕೂ ಖಾಲಿ ತೆರೆಯೇ ಉತ್ತರ. ಬೇರೆಯವರ ಹತ್ತಿರ ಸಹಾಯ ಕೇಳುವಾಗ ದಯವಿಟ್ಟು +ಶಾರ್ಟ್ ಫಲಿತಾಂಶ ಕಳಿಸಬೇಡಿ, ಪೂರ್ತಿ ಉತ್ತರವನ್ನು ಸರ್ವರ್ ಸಾಲಿನ ಸಮೇತ ಕಳಿಸಿ.

ಇನ್ನೊಂದು ಸಣ್ಣ ವಿಷಯ. ನೀವು ಕೇಳಿದ ಹೆಸರು ಇನ್ನೊಂದು ಹೆಸರಿಗೆ ಸಿನೇಮ್ ರೆಕಾರ್ಡ್ ಮೂಲಕ ತಳುಕು ಹಾಕಿಕೊಂಡಿದ್ದರೆ +ಶಾರ್ಟ್‌ನಲ್ಲಿ ಮೊದಲ ಸಾಲಲ್ಲಿ ಆ ಇನ್ನೊಂದು ಹೆಸರು, ಆಮೇಲೆ ಐಪಿ ಬರುತ್ತದೆ. ಮೊದಲ ಸಾಲೇ ಐಪಿ ಅಂತ ನಂಬಿ ಸ್ಕ್ರಿಪ್ಟ್ ಬರೆದರೆ ಎಡವುತ್ತೀರಿ.

ಬೇಕಾದ ಸರ್ವರನ್ನೇ ಹಿಡಿದು ಕೇಳೋದು

ಡಿಗ್‌ನ ನಿಜವಾದ ಶಕ್ತಿ ಇರುವುದು @ ಚಿಹ್ನೆಯಲ್ಲಿ. ಅದರ ಮುಂದೆ ಯಾವ ಸರ್ವರ್ ಬರೆಯುತ್ತೀರೋ ಅದನ್ನೇ ಕೇಳುತ್ತದೆ.

ಡಿಗ್ @8.8.8.8 ಎಕ್ಸಾಂಪಲ್.ಕಾಮ್ +ನೋಆಲ್ +ಆನ್ಸರ್

8.8.8.8 ಗೂಗಲ್‌ನ ಸಾರ್ವಜನಿಕ ರಿಸಾಲ್ವರ್, 2009ರಿಂದ ಇದೆ. 1.1.1.1 ಕ್ಲೌಡ್‌ಫ್ಲೇರ್‌ನದು, 2018ರಲ್ಲಿ ಬಂತು. 9.9.9.9 ಕ್ವಾಡ್9ದು.

ಈಗ ಸೈಟ್ ಸಾಗಿಸಿದ ಸಮಸ್ಯೆಯನ್ನು ಎತ್ತಿಕೊಳ್ಳೋಣ. ಹಳೇ ಐಪಿ 192.0.2.10, ಹೊಸದು 203.0.113.20 ಅಂತಿಟ್ಟುಕೊಳ್ಳಿ. ಮೊದಲು ಆ ಡೊಮೇನಿನ ಅಧಿಕೃತ ಸರ್ವರ್‌ಗಳು ಯಾವುವು ಅಂತ ಕೇಳಿ:

ಡಿಗ್ ಎಕ್ಸಾಂಪಲ್.ಕಾಮ್ ಎನ್‌ಎಸ್ +ಶಾರ್ಟ್

ಎರಡೋ ನಾಲ್ಕೋ ಹೆಸರು ಬರುತ್ತವೆ. ಅದರಲ್ಲಿ ಒಂದನ್ನು ಹಿಡಿದುಕೊಂಡು, ಅದರ ಹೆಸರು ಎನ್‌ಎಸ್1.ಎಕ್ಸಾಂಪಲ್.ನೆಟ್ ಅಂತಿದ್ದರೆ, ನೇರವಾಗಿ ಅದನ್ನೇ ಕೇಳಿ:

ಡಿಗ್ @ಎನ್‌ಎಸ್1.ಎಕ್ಸಾಂಪಲ್.ನೆಟ್ ಎಕ್ಸಾಂಪಲ್.ಕಾಮ್

ಫ್ಲ್ಯಾಗ್ಸ್‌ನಲ್ಲಿ ಎಎ ಇದೆಯಾ ನೋಡಿ, ಆಮೇಲೆ ವಿಳಾಸ ನೋಡಿ. ಇಲ್ಲೇ ಹಳೇ 192.0.2.10 ಬಂದರೆ ಎಷ್ಟು ದಿನ ಕಾದರೂ ಪ್ರಯೋಜನ ಇಲ್ಲ. ನೀವು ಮಾಡಿದ ಬದಲಾವಣೆ ಉಳಿದಿಲ್ಲ, ಅಥವಾ ಬೇರೆ ಕಂಪನಿಯ ಪ್ಯಾನೆಲ್‌ನಲ್ಲಿ ಬದಲಾಯಿಸಿದ್ದೀರಿ. ಈ ಎರಡನೆಯದು ತುಂಬಾ ಸಾಮಾನ್ಯ. ಡೊಮೇನ್ ಒಂದು ಕಡೆ ಕೊಂಡು, ನೇಮ್‌ಸರ್ವರ್ (ಇದೇ ಅಧಿಕೃತ ಸರ್ವರ್) ಇನ್ನೊಂದು ಕಡೆ ಇಟ್ಟಿರುತ್ತಾರೆ, ಡೊಮೇನ್ ಕೊಂಡ ಕಡೆಯ ಪ್ಯಾನೆಲ್‌ನಲ್ಲಿ ರೆಕಾರ್ಡ್ ತಿದ್ದಿ ಯಾಕೆ ಬದಲಾಗಲಿಲ್ಲ ಅಂತ ಕಾಯುತ್ತಾ ಕೂರುತ್ತಾರೆ. ಆ ಪ್ಯಾನೆಲನ್ನು ಕೇಳುವವರೇ ಇಲ್ಲ.

ಹೊಸ ವಿಳಾಸ ಬಂದರೆ ಉಳಿದ ಅಧಿಕೃತ ಸರ್ವರ್‌ಗಳನ್ನೂ ಒಂದೊಂದಾಗಿ ಕೇಳಿ. ಎಲ್ಲವೂ ಒಂದೇ ಉತ್ತರ ಕೊಡಬೇಕು. ಇದಕ್ಕೆ ಒಂದು ಶಾರ್ಟ್‌ಕಟ್ ಇದೆ:

ಡಿಗ್ ಎಕ್ಸಾಂಪಲ್.ಕಾಮ್ +ಎನ್‌ಎಸ್‌ಸರ್ಚ್

ಇದು ಎಲ್ಲ ಅಧಿಕೃತ ಸರ್ವರ್‌ಗಳನ್ನೂ ಕೇಳಿ ಪ್ರತಿಯೊಂದರ ಎಸ್‌ಒಎ ರೆಕಾರ್ಡ್, ಅಂದರೆ ಆ ಡೊಮೇನಿನ ಮೂಲ ವಿವರದ ಸಾಲು, ತೋರಿಸುತ್ತದೆ. ಅದರಲ್ಲಿ ಒಂದು ಸೀರಿಯಲ್ ಸಂಖ್ಯೆ ಇರುತ್ತದೆ. ಎಲ್ಲ ಸಾಲಿನಲ್ಲೂ ಒಂದೇ ಸಂಖ್ಯೆ ಇದ್ದರೆ ಸಾಮಾನ್ಯವಾಗಿ ಅವೆಲ್ಲ ಹೊಂದಿಕೊಂಡಿವೆ ಅಂತ. ಒಂದು ಮಾತ್ರ ಹಿಂದೆ ಬಿದ್ದಿದ್ದರೆ, ಕೆಲವರಿಗೆ ಹೊಸದು ಕೆಲವರಿಗೆ ಹಳೆಯದು ಸಿಗೋದಕ್ಕೆ ಅದೇ ಕಾರಣ ಇರಬಹುದು.

ಅಧಿಕೃತ ಸರ್ವರ್‌ಗಳು ಸರಿ ಇವೆ ಅಂತಾದ ಮೇಲೆ 8.8.8.8, 1.1.1.1, ಕೊನೆಗೆ @ ಇಲ್ಲದೆ ನಿಮ್ಮದೇ ರಿಸಾಲ್ವರ್ ಹೀಗೆ ಕೇಳುತ್ತಾ ಬನ್ನಿ. ಎಲ್ಲಿ ಹಳೆಯದು ಸಿಕ್ಕಿತೋ ಅಲ್ಲಿ ಟಿಟಿಎಲ್ ಎಷ್ಟಿದೆ ನೋಡಿ. 1,840 ಅಂತಿದ್ದರೆ ಸುಮಾರು ಅರ್ಧ ಗಂಟೆ ಕಾದರೆ ಆಯ್ತು. 24ರಿಂದ 48 ಗಂಟೆ ಅನ್ನೋದಕ್ಕಿಂತ ಇದು ಎಷ್ಟೋ ವಾಸಿ ಅಲ್ವಾ?

ಸಾಗಿಸುವ ಯೋಚನೆ ಇನ್ನೂ ಮುಂದಿದ್ದರೆ ಈ ಕಾಯುವಿಕೆಯನ್ನೇ ಕಡಿಮೆ ಮಾಡಬಹುದು. ಈಗಿನ ಟಿಟಿಎಲ್ 86400, ಅಂದರೆ ಒಂದು ದಿನ ಇದೆ ಅಂತಿಟ್ಟುಕೊಳ್ಳಿ. ಐಪಿ ಬದಲಾಯಿಸುವುದಕ್ಕೆ ಕನಿಷ್ಠ ಒಂದು ದಿನ ಮೊದಲೇ ಟಿಟಿಎಲ್ ಅನ್ನು 300ಕ್ಕೆ ಇಳಿಸಿ. ಆ ಒಂದು ದಿನದಲ್ಲಿ ಹಳೇ ಟಿಟಿಎಲ್ ಇಟ್ಟುಕೊಂಡವರೆಲ್ಲ ಅದನ್ನು ಬಿಟ್ಟು 300 ಇರುವುದನ್ನು ಹಿಡಿದುಕೊಂಡಿರುತ್ತಾರೆ. ಆಮೇಲೆ ಐಪಿ ಬದಲಾಯಿಸಿದರೆ ಬಹುತೇಕ ಎಲ್ಲರಿಗೂ ಐದು ನಿಮಿಷದಲ್ಲಿ ಹೊಸದು ಸಿಗುತ್ತದೆ. ಟಿಟಿಎಲ್ ಮತ್ತು ಐಪಿ ಎರಡನ್ನೂ ಒಟ್ಟಿಗೆ ಬದಲಾಯಿಸಿದರೆ ಏನೂ ಲಾಭ ಇಲ್ಲ, ಹಳೇ ಉತ್ತರ ಹಳೇ ಗಡುವಿನ ಜೊತೆಗೇ ಕ್ಯಾಶ್‌ನಲ್ಲಿ ಕೂತಿರುತ್ತದೆ. ಎಲ್ಲ ಸರಿಯಾದ ಮೇಲೆ ಟಿಟಿಎಲ್ ಮತ್ತೆ ಏರಿಸಿಬಿಡಿ.

"ಇಲ್ಲ" ಅನ್ನೋದರಲ್ಲೂ ಬಗೆಗಳಿವೆ

ಸ್ಟೇಟಸ್ ಅನ್ನೋ ಪದದ ಮುಂದೆ ಏನಿದೆ ಅಂತ ನೋಡುವ ಅಭ್ಯಾಸ ಮಾಡಿಕೊಳ್ಳಿ. ಎಷ್ಟೋ ಜನ ಆ ಸಾಲನ್ನು ಓದುವುದೇ ಇಲ್ಲ.

ಎನ್‌ಎಕ್ಸ್‌ಡೊಮೇನ್ ಅಂತ ಬಂದರೆ ಆ ಹೆಸರೇ ಇಲ್ಲ. ಎ ರೆಕಾರ್ಡ್ ಆಗಲಿ ಇನ್ಯಾವುದೇ ಆಗಲಿ, ಆ ಹೆಸರಿನಲ್ಲಿ ಏನೂ ಇಲ್ಲ. ಮೊದಲು ಕಾಗುಣಿತ ನೋಡಿಕೊಳ್ಳಿ. ಹಾಗಂತ ಆ ಡೊಮೇನ್ ಯಾರೂ ತೆಗೆದುಕೊಂಡಿಲ್ಲ ಅಂತ ತೀರ್ಮಾನ ಮಾಡಬೇಡಿ. ಹೆಸರು ಕಾಯ್ದಿರಿಸಿ ನೇಮ್‌ಸರ್ವರ್ ಹಾಕದೇ ಬಿಟ್ಟಿದ್ದರೂ ಇದೇ ಬರುತ್ತದೆ. ಯಾರ ಹೆಸರಲ್ಲಿದೆ, ಯಾವಾಗ ಅವಧಿ ಮುಗಿಯುತ್ತದೆ ಅಂತ ತಿಳಿಯೋಕೆ ಹೂಇಸ್ ಅಥವಾ ಅದರ ಜಾಗಕ್ಕೆ ಬಂದಿರುವ ಆರ್‌ಡಿಎಪಿ ಬೇಕು, ಡಿಗ್‌ಗೆ ಅದು ಗೊತ್ತಿಲ್ಲ.

ನೋಎರರ್ ಅಂತ ಬಂದು ಉತ್ತರದ ಭಾಗ ಖಾಲಿ ಇದ್ದರೆ ಕಥೆ ಬೇರೆ. ಹೆಸರು ಇದೆ, ನೀವು ಕೇಳಿದ ಬಗೆಯ ರೆಕಾರ್ಡ್ ಮಾತ್ರ ಇಲ್ಲ. ಐಪಿವಿ6 ವಿಳಾಸ ಕೇಳಿದ್ದೀರಿ, ಅವರು ಐಪಿವಿ4 ಮಾತ್ರ ಇಟ್ಟಿದ್ದಾರೆ, ಅಂಥದ್ದು.

ಸರ್ವ್‌ಫೇಲ್ ಅಂದರೆ ಉತ್ತರ ಹುಡುಕೋಕೆ ಹೋದ ರಿಸಾಲ್ವರ್ ದಾರಿಯಲ್ಲಿ ಎಲ್ಲೋ ಸಿಕ್ಕಿಹಾಕಿಕೊಂಡಿದೆ. ಅಧಿಕೃತ ಸರ್ವರ್‌ಗಳು ಸತ್ತಿರಬಹುದು. ಅಥವಾ ಡಿಎನ್‌ಎಸ್‌ಸೆಕ್, ಅಂದರೆ ಉತ್ತರಕ್ಕೆ ಹಾಕುವ ಡಿಜಿಟಲ್ ಸಹಿ, ತಾಳೆಯಾಗದೇ ಇರಬಹುದು. ಎರಡರಲ್ಲಿ ಯಾವುದು ಅಂತ ಹೀಗೆ ಕಂಡುಹಿಡಿಯಬಹುದು:

ಡಿಗ್ @1.1.1.1 ಎಕ್ಸಾಂಪಲ್.ಕಾಮ್ +ಸಿಡಿ

+ಸಿಡಿ ಅಂದರೆ ಸಹಿ ಪರೀಕ್ಷೆ ಬೇಡ, ಸಿಕ್ಕಿದ್ದನ್ನು ಹಾಗೇ ಕೊಡು ಅಂತ. ಮೊದಲು ಸರ್ವ್‌ಫೇಲ್ ಬಂದು, ಇದನ್ನು ಹಾಕಿದಾಗ ವಿಳಾಸ ಬಂದರೆ ಸಹಿಯಲ್ಲೇ ತೊಂದರೆ. ನೇಮ್‌ಸರ್ವರ್ ಕಂಪನಿ ಬದಲಾಯಿಸಿ, ಮೇಲಿನ ವಲಯದಲ್ಲಿ (ಕಾಮ್‌ನಂಥದ್ದು) ಹಳೇ ಡಿಎಸ್ ರೆಕಾರ್ಡ್, ಅಂದರೆ ಸಹಿಯ ಕೀಲಿಯ ಗುರುತು, ತೆಗೆಯೋದು ಮರೆತಾಗ ಹೀಗಾಗುವುದು ಜಾಸ್ತಿ.

ರೆಫ್ಯೂಸ್ಡ್ ಅಂದರೆ ಆ ಸರ್ವರ್ ನಿಮಗೆ ಉತ್ತರ ಕೊಡೋಕೆ ಒಪ್ಪುತ್ತಿಲ್ಲ. ಅಧಿಕೃತ ಸರ್ವರ್ ಅಂತ ಹೆಸರಿರುವುದೇ ಹೀಗೆ ಹೇಳಿದರೆ, ಆ ಡೊಮೇನ್ ಅದರ ಪಟ್ಟಿಯಲ್ಲೇ ಇಲ್ಲದಿರುವ ಸಾಧ್ಯತೆ ಹೆಚ್ಚು.

ಇಷ್ಟರಲ್ಲಿ ಜನ ಗಮನಿಸದೇ ಇರುವ ಒಂದು ಸೂಕ್ಷ್ಮ ಇದೆ. "ಇಲ್ಲ" ಅನ್ನೋ ಉತ್ತರವೂ ಕ್ಯಾಶ್ ಆಗುತ್ತದೆ. ಹೊಸ ಸಬ್‌ಡೊಮೇನ್ ಮಾಡುವ ಮೊದಲೇ "ಇದೆಯಾ ನೋಡೋಣ" ಅಂತ ಡಿಗ್ ಮಾಡಿದಿರಿ, ಎನ್‌ಎಕ್ಸ್‌ಡೊಮೇನ್ ಬಂತು. ಆಮೇಲೆ ರೆಕಾರ್ಡ್ ಸೇರಿಸಿದಿರಿ. ಆದರೂ ನಿಮ್ಮ ರಿಸಾಲ್ವರ್ ಇಲ್ಲ ಇಲ್ಲ ಅಂತಲೇ ಹೇಳುತ್ತಿರುತ್ತದೆ, ಯಾಕೆಂದರೆ ಆ "ಇಲ್ಲ"ದ ಗಡುವು ಇನ್ನೂ ಮುಗಿದಿಲ್ಲ. ಆ ಗಡುವು ಎಷ್ಟು ಅಂತ ತಿಳಿಯೋಕೆ ಎಸ್‌ಒಎ ರೆಕಾರ್ಡ್ ನೋಡಿ:

ಡಿಗ್ ಎಕ್ಸಾಂಪಲ್.ಕಾಮ್ ಎಸ್‌ಒಎ +ನೋಆಲ್ +ಆನ್ಸರ್

ಕೊನೆಯ ಸಂಖ್ಯೆ ಮತ್ತು ಆ ಸಾಲಿನ ಟಿಟಿಎಲ್, ಎರಡರಲ್ಲಿ ಚಿಕ್ಕದು ಯಾವುದೋ ಅಷ್ಟು ಸೆಕೆಂಡ್ "ಇಲ್ಲ" ಉಳಿಯುತ್ತದೆ. ಅದಕ್ಕೇ ಹೊಸ ಹೆಸರನ್ನು ಮೊದಲ ಸಲ ನೋಡುವಾಗ ನೇರವಾಗಿ ಅಧಿಕೃತ ಸರ್ವರನ್ನೇ ಕೇಳುವುದು ಜಾಣತನ. ಅಲ್ಲಿ ಕೇಳಿದರೆ ಯಾರ ಕ್ಯಾಶೂ ಹಾಳಾಗುವುದಿಲ್ಲ.

ಬೇರೆ ರೆಕಾರ್ಡ್‌ಗಳು

ಹೆಸರಿನ ಮುಂದೆ ಬೇಕಾದ ರೆಕಾರ್ಡಿನ ಬಗೆ ಬರೆದರೆ ಆಯ್ತು. ಎಎಎಎ ಅಂತ ನಾಲ್ಕು ಸಲ ಎ ಬರೆದರೆ ಐಪಿವಿ6 ವಿಳಾಸ. ಎಂಎಕ್ಸ್ ಅಂದರೆ ಮೇಲ್ ಯಾವ ಸರ್ವರ್‌ಗೆ ಹೋಗಬೇಕು ಅಂತ. ಅದರಲ್ಲಿ ಹೆಸರಿನ ಹಿಂದೆ ಒಂದು ಸಂಖ್ಯೆ ಇರುತ್ತದೆ, ಚಿಕ್ಕ ಸಂಖ್ಯೆಗೆ ಮೊದಲ ಆದ್ಯತೆ. ಸಿಎಎ ನೋಡಿದರೆ ಆ ಡೊಮೇನಿಗೆ ಯಾವ ಸಂಸ್ಥೆಗಳು ಟಿಎಲ್‌ಎಸ್ ಸರ್ಟಿಫಿಕೇಟ್ ಕೊಡಬಹುದು ಅಂತ ಗೊತ್ತಾಗುತ್ತದೆ.

ಮೇಲ್ ಸ್ಪ್ಯಾಮ್‌ಗೆ ಹೋಗುತ್ತಿದೆ ಅನ್ನುವವರು ನೋಡಬೇಕಾದ್ದು ಟಿಎಕ್ಸ್‌ಟಿ:

ಡಿಗ್ ಎಕ್ಸಾಂಪಲ್.ಕಾಮ್ ಟಿಎಕ್ಸ್‌ಟಿ +ಶಾರ್ಟ್
ಡಿಗ್ _ಡಿಮಾರ್ಕ್.ಎಕ್ಸಾಂಪಲ್.ಕಾಮ್ ಟಿಎಕ್ಸ್‌ಟಿ +ಶಾರ್ಟ್

ಮೊದಲನೆಯದರಲ್ಲಿ ವಿ=ಎಸ್‌ಪಿಎಫ್1 ಅಂತ ಶುರುವಾಗುವ ಸಾಲು ಒಂದೇ ಒಂದು ಇರಬೇಕು. ಆ ಡೊಮೇನಿನ ಹೆಸರಲ್ಲಿ ಯಾವ ಸರ್ವರ್‌ಗಳು ಮೇಲ್ ಕಳಿಸಬಹುದು ಅಂತ ಹೇಳುವ ಸಾಲು ಅದು. ಎರಡು ಇದ್ದರೆ ಎಸ್‌ಪಿಎಫ್ ಪರೀಕ್ಷೆಯೇ ಫೇಲ್. ಮೊದಲು ಒಂದು ಮೇಲ್ ಸೇವೆಗೆ, ಆಮೇಲೆ ಇನ್ನೊಂದಕ್ಕೆ ಅಂತ ಬೇರೆ ಬೇರೆ ಸಾಲು ಸೇರಿಸಿದವರು ಇಲ್ಲಿ ಸಿಕ್ಕಿಬೀಳುತ್ತಾರೆ. ಎರಡನೆಯದು ಡಿಮಾರ್ಕ್, ಪರೀಕ್ಷೆಯಲ್ಲಿ ಫೇಲಾದ ಮೇಲನ್ನು ಏನು ಮಾಡಬೇಕು ಅನ್ನೋ ಸೂಚನೆ. ಅದರಲ್ಲಿ ಹೆಸರಿನ ಹಿಂದೆ ಇರುವ ಕೆಳಗೆರೆ ಬಿಡಬೇಡಿ.

ಎನಿ ಅಂತ ಕೇಳಿದರೆ ಎಲ್ಲ ರೆಕಾರ್ಡೂ ಒಟ್ಟಿಗೆ ಬರುತ್ತವೆ ಅಂತ ಹಳೇ ಬರಹಗಳಲ್ಲಿ ಇರುತ್ತದೆ. ನಂಬಬೇಡಿ. ಇಂಥ ಪ್ರಶ್ನೆಗೆ ಪೂರ್ತಿ ಉತ್ತರ ಕೊಡದಿರಲು ಸರ್ವರ್‌ಗಳಿಗೆ ಈಗ ನಿಯಮದಲ್ಲೇ ಅವಕಾಶ ಇದೆ.

ಐಪಿಯಿಂದ ಹೆಸರು ಬೇಕಾದರೆ:

ಡಿಗ್ -ಎಕ್ಸ್ 8.8.8.8 +ಶಾರ್ಟ್

ಡಿಎನ್‌ಎಸ್.ಗೂಗಲ್ ಅಂತ ಬರುತ್ತದೆ. ಈ ಹೆಸರನ್ನು ಇಡುವುದು ಆ ಐಪಿ ಯಾರ ಕೈಲಿದೆಯೋ ಅವರು, ಡೊಮೇನ್ ಒಡೆಯರಲ್ಲ. ಹಾಗಾಗಿ ಹೋದ ದಾರಿ ಮತ್ತು ವಾಪಸ್ ಬಂದ ದಾರಿ ಒಂದೇ ಆಗಿರಬೇಕು ಅಂತಿಲ್ಲ.

ಕನ್ನಡದಂಥ ಲಿಪಿಯಲ್ಲಿರುವ ಡೊಮೇನ್ ಹೆಸರುಗಳೂ ಇವೆ. ಡಿಎನ್‌ಎಸ್ ಒಳಗೆ ಅವು ಎಕ್ಸ್‌ಎನ್ ಮತ್ತು ಎರಡು ಅಡ್ಡಗೆರೆಯಿಂದ ಶುರುವಾಗುವ ಇಂಗ್ಲಿಷ್ ಅಕ್ಷರಗಳ ಸರಣಿಯಾಗಿ ಇರುತ್ತವೆ. ನಿಮ್ಮ ಡಿಗ್‌ನಲ್ಲಿ ಆ ಸೌಲಭ್ಯ ಸೇರಿಸಿದ್ದರೆ ಕನ್ನಡದಲ್ಲೇ ಟೈಪ್ ಮಾಡಬಹುದು, ಅದೇ ಬದಲಾಯಿಸಿಕೊಳ್ಳುತ್ತದೆ.

ರೂಟ್‌ನಿಂದ ಇಳಿದು ಬರೋದು

ಡಿಗ್ ಎಕ್ಸಾಂಪಲ್.ಕಾಮ್ +ಟ್ರೇಸ್

ಇಲ್ಲಿ ಡಿಗ್ ರಿಸಾಲ್ವರನ್ನು ನೆಚ್ಚಿಕೊಳ್ಳದೆ ತಾನೇ ನಡೆದು ಹೋಗುತ್ತದೆ. ರೂಟ್ ಸರ್ವರ್‌ಗಳ ಪಟ್ಟಿಯನ್ನು ಮಾತ್ರ ನಿಮ್ಮ ರಿಸಾಲ್ವರ್‌ನಿಂದ ತೆಗೆದುಕೊಂಡು, ಅಲ್ಲಿಂದ ಮುಂದೆ ಒಂದೊಂದೇ ಮೆಟ್ಟಿಲು ಇಳಿಯುತ್ತದೆ. ಮೊದಲು ರೂಟ್. ಅದು "ನನಗೆ ಎಕ್ಸಾಂಪಲ್.ಕಾಮ್ ಗೊತ್ತಿಲ್ಲ, ಕಾಮ್ ನೋಡಿಕೊಳ್ಳುವವರು ಇವರು" ಅಂತ ಹೇಳುತ್ತದೆ. ಕಾಮ್‌ನ ಸರ್ವರ್ "ಎಕ್ಸಾಂಪಲ್.ಕಾಮ್‌ಗೆ ಇವರನ್ನು ಕೇಳಿ" ಅನ್ನುತ್ತದೆ. ಕೊನೆಗೆ ಅಧಿಕೃತ ಸರ್ವರ್ ವಿಳಾಸ ಕೊಡುತ್ತದೆ. ಪ್ರತಿ ಗುಂಪಿನ ಕೆಳಗೂ ಈ ಉತ್ತರ ಯಾವ ಸರ್ವರ್‌ನಿಂದ ಎಷ್ಟು ಮಿಲಿಸೆಕೆಂಡ್‌ನಲ್ಲಿ ಬಂತು ಅಂತ ಬರೆದಿರುತ್ತದೆ.

ರೂಟ್ ಸರ್ವರ್‌ಗಳಿಗೆ ಎ ಇಂದ ಎಂ ತನಕ 13 ಹೆಸರುಗಳಿವೆ. ಹೆಸರು 13 ಅಷ್ಟೇ, ಯಂತ್ರಗಳು ಜಗತ್ತಿನ ಎಲ್ಲ ಕಡೆ ಸಾವಿರಕ್ಕೂ ಹೆಚ್ಚು ಇವೆ, ಎಲ್ಲವೂ ಅದೇ ವಿಳಾಸಗಳನ್ನು ಹಂಚಿಕೊಂಡಿವೆ. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಡಿಎನ್‌ಎಸ್ ವಿನ್ಯಾಸ ಬರೆಯುವುದಕ್ಕೆ ಮೊದಲು ಈ ಮೆಟ್ಟಿಲುಗಳೇ ಇರಲಿಲ್ಲ. ಹೋಸ್ಟ್ಸ್.ಟಿಎಕ್ಸ್‌ಟಿ ಅನ್ನೋ ಒಂದೇ ಫೈಲಿನಲ್ಲಿ ಎಲ್ಲ ಯಂತ್ರಗಳ ಹೆಸರೂ ಇತ್ತು, ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನವರು ಅದನ್ನು ತಿದ್ದುತ್ತಿದ್ದರು, ಉಳಿದವರು ಅಲ್ಲಿಂದ ಇಳಿಸಿಕೊಳ್ಳುತ್ತಿದ್ದರು.

+ಟ್ರೇಸ್ ತುಂಬಾ ಸಹಾಯಕ್ಕೆ ಬರೋದು ನೇಮ್‌ಸರ್ವರ್ ಬದಲಾಯಿಸಿದಾಗ. ಕಾಮ್‌ನ ಸರ್ವರ್ ಯಾರನ್ನು ತೋರಿಸುತ್ತಿದೆ ಅಂತ ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿ ಹಳೇ ಕಂಪನಿಯ ಹೆಸರೇ ಇದ್ದರೆ ರಿಜಿಸ್ಟ್ರಾರ್, ಅಂದರೆ ಡೊಮೇನ್ ಕೊಂಡ ಕಂಪನಿಯ ಹತ್ತಿರ ಬದಲಾವಣೆ ಆಗಿಲ್ಲ.

ಒಂದು ಎಚ್ಚರಿಕೆ. ಕೆಲವು ನೆಟ್‌ವರ್ಕ್‌ಗಳಲ್ಲಿ 53ನೇ ಪೋರ್ಟಿಗೆ ಹೋಗುವ ಪ್ರಶ್ನೆಗಳನ್ನೆಲ್ಲ ಮಧ್ಯದಲ್ಲೇ ಹಿಡಿದು ತಾವೇ ಉತ್ತರ ಕೊಡುತ್ತಾರೆ. ನೀವು @8.8.8.8 ಅಂತ ಬರೆದರೂ, ಸರ್ವರ್ ಸಾಲಿನಲ್ಲಿ ಅದೇ ಕಂಡರೂ, ಮಾತಾಡಿದವರು ಬೇರೆ. ಅನುಮಾನ ಬಂದರೆ ಅಧಿಕೃತ ಸರ್ವರನ್ನೇ ನೇರ ಕೇಳಿ. ಎಎ ಫ್ಲ್ಯಾಗ್ ಇಲ್ಲದೆ ಆರ್‌ಎ (ಬೇರೆಯವರನ್ನು ಕೇಳಿ ಹೇಳಬಲ್ಲೆ ಅನ್ನೋ ಗುರುತು) ಬಂದರೆ, ಅದೂ ಟಿಟಿಎಲ್ ಇಳಿಯುತ್ತಾ ಇದ್ದರೆ, ಮಧ್ಯೆ ಯಾರೋ ಕೂತಿದ್ದಾರೆ. ಬೈಂಡ್ 9.18 ಮತ್ತು ಅದಕ್ಕೂ ಹೊಸ ಡಿಗ್ ಇದ್ದರೆ @1.1.1.1 ಜೊತೆ +ಎಚ್‌ಟಿಟಿಪಿಎಸ್ ಅಥವಾ +ಟಿಎಲ್‌ಎಸ್ ಸೇರಿಸಿ ಕೇಳಿ, ಪ್ರಶ್ನೆ ಗುಪ್ತವಾಗಿ ಹೋಗುತ್ತದೆ. ಎರಡು ಉತ್ತರ ಬೇರೆ ಬೇರೆ ಬಂದರೆ ಅನುಮಾನ ಗಟ್ಟಿ.

ಡಿಗ್‌ನಲ್ಲಿ ಸರಿ, ಬ್ರೌಸರ್‌ನಲ್ಲಿ ತಪ್ಪು

ಇದೂ ಆಗುತ್ತದೆ. ಡಿಗ್ ನೇರವಾಗಿ ಡಿಎನ್‌ಎಸ್ ಸರ್ವರನ್ನು ಕೇಳುತ್ತದೆ, ನಿಮ್ಮ ಯಂತ್ರದ ಹೋಸ್ಟ್ಸ್ ಫೈಲನ್ನು ನೋಡುವುದೇ ಇಲ್ಲ. ಬ್ರೌಸರ್ ಅದನ್ನು ನೋಡುತ್ತದೆ. ಪರೀಕ್ಷೆಗೆ ಅಂತ ಹಿಂದೆ ಯಾವಾಗಲೋ ಆ ಫೈಲಿನಲ್ಲಿ ಒಂದು ಸಾಲು ಬರೆದು ಮರೆತಿದ್ದರೆ ಬ್ರೌಸರ್ ಅಲ್ಲಿಗೇ ಹೋಗುತ್ತಿರುತ್ತದೆ. ಲಿನಕ್ಸ್‌ನಲ್ಲಿ ಗೆಟ್‌ಎಂಟ್ ಹೋಸ್ಟ್ಸ್ ಎಕ್ಸಾಂಪಲ್.ಕಾಮ್ ಅಂತ ಕೇಳಿದರೆ ಪ್ರೋಗ್ರಾಂಗಳಿಗೆ ಸಿಗುವ ಉತ್ತರವೇ ನಿಮಗೂ ಸಿಗುತ್ತದೆ. ಜೊತೆಗೆ ಬ್ರೌಸರ್‌ಗೆ ತನ್ನದೇ ಕ್ಯಾಶ್ ಇರುತ್ತದೆ, ಕೆಲವು ಸಲ ತನ್ನದೇ ರಿಸಾಲ್ವರ್ ಕೂಡ. ಯಂತ್ರದ ಕ್ಯಾಶ್ ಖಾಲಿ ಮಾಡೋಕೆ ವಿಂಡೋಸ್‌ನಲ್ಲಿ ಐಪಿಕಾನ್ಫಿಗ್ /ಫ್ಲಶ್‌ಡಿಎನ್‌ಎಸ್, ಸಿಸ್ಟಮ್‌ಡಿ ಇರುವ ಲಿನಕ್ಸ್‌ನಲ್ಲಿ ರಿಸಾಲ್ವ್‌ಸಿಟಿಎಲ್ ಫ್ಲಶ್-ಕ್ಯಾಶಸ್.

ದಿನಾ ಬಳಸುವವರಿಗೆ

ಪ್ರತಿ ಸಲ +ನೋಆಲ್ +ಆನ್ಸರ್ ಟೈಪ್ ಮಾಡೋಕೆ ಬೇಜಾರಾದರೆ ನಿಮ್ಮ ಹೋಮ್ ಫೋಲ್ಡರ್‌ನಲ್ಲಿ .ಡಿಗ್‌ಆರ್‌ಸಿ ಅನ್ನೋ ಫೈಲ್ ಮಾಡಿ ಅದರಲ್ಲಿ ಇದನ್ನೇ ಬರೆದಿಡಿ. ಮುಂದೆ ಎಲ್ಲ ಪ್ರಶ್ನೆಗೂ ಅದು ತಾನಾಗಿಯೇ ಅನ್ವಯ ಆಗುತ್ತದೆ. ಆಗ ಸರ್ವರ್ ಸಾಲು, ಸ್ಟೇಟಸ್ ಎರಡೂ ಮಾಯ ಆಗುತ್ತವೆ ಅನ್ನೋದು ನೆನಪಿರಲಿ. ನಾನಾದರೆ +ಸ್ಟ್ಯಾಟ್ಸ್ ಮತ್ತು +ಕಾಮೆಂಟ್ಸ್ ಕೂಡ ಸೇರಿಸುತ್ತೇನೆ, ಅವೆರಡೂ ವಾಪಸ್ ಬರುತ್ತವೆ.

ಹತ್ತಾರು ಡೊಮೇನ್ ಒಟ್ಟಿಗೆ ನೋಡಬೇಕಾದರೆ ಒಂದು ಫೈಲಿನಲ್ಲಿ ಸಾಲಿಗೊಂದು ಹೆಸರು ಬರೆದು ಹೀಗೆ ಕೊಡಿ:

ಡಿಗ್ -ಎಫ್ ಹೆಸರುಗಳ ಫೈಲ್ +ನೋಆಲ್ +ಆನ್ಸರ್

ಸ್ಕ್ರಿಪ್ಟ್ ಒಳಗೆ ಬಳಸುವವರು ಡಿಗ್ ಮುಗಿದಾಗ ಕೊಡುವ ಸಂಖ್ಯೆಯನ್ನು ನಂಬಿ "ಡೊಮೇನ್ ಇದೆ" ಅಂತ ತೀರ್ಮಾನಿಸಬೇಡಿ. ಎನ್‌ಎಕ್ಸ್‌ಡೊಮೇನ್ ಬಂದರೂ ಅದು 0 ಅಂತಲೇ ಕೊಡುತ್ತದೆ, ಯಾಕೆಂದರೆ ಅದರ ಪ್ರಕಾರ ಉತ್ತರ ಬಂತಲ್ಲ, ಕೆಲಸ ಮುಗಿಯಿತು. ಯಾವ ಸರ್ವರೂ ಮಾತಾಡದಿದ್ದರೆ ಮಾತ್ರ 9 ಬರುತ್ತದೆ. ಹೆಸರು ಇದೆಯೋ ಇಲ್ಲವೋ ಅಂತ ಬೇಕಾದರೆ ಸ್ಟೇಟಸ್ ಪದವನ್ನೇ ಹುಡುಕಿ ನೋಡಬೇಕು. ಸತ್ತ ಸರ್ವರ್‌ಗಾಗಿ ಸ್ಕ್ರಿಪ್ಟ್ ಕಾಯುತ್ತಾ ನಿಲ್ಲಬಾರದು ಅಂದರೆ +ಟೈಮ್=2 +ಟ್ರೈಸ್=1 ಸೇರಿಸಿ. ಇಲ್ಲದಿದ್ದರೆ ಅದು ಒಂದೊಂದು ಸಲಕ್ಕೆ 5 ಸೆಕೆಂಡ್‌ನಂತೆ ಮೂರು ಸಲ ಪ್ರಯತ್ನಿಸಿಯೇ ಕೈಬಿಡುತ್ತದೆ.